ಮರಳುಗಾಡಿನ ಕ್ಯಾರವಾನಿಗೆ ಹಿಮದ ಮದ್ದು

೨೦೧೪ರಲ್ಲಿ ನಾನು ದುಬೈನ ರಾಸ್ ಅಲ್ ಖೋರ್ ಕಡೆಯ ಒಂದು ವರ್ಕ್‌ಶಾಪಿನಲ್ಲಿ ಸರ್ವೀಸ್ ಮ್ಯಾನೇಜರ್ ಆಗಿದ್ದೆ. ಕಾರ್ಕಳದಲ್ಲಿ ಹುಟ್ಟಿ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಗಲ್ಫಿಗೆ ಬಂದು ಆಗಲೇ ಬಹಳ ವರ್ಷಗಳಾಗಿದ್ದವು. ನಮ್ಮ ವರ್ಕ್‌ಶಾಪಿಗೆ ಬರುತ್ತಿದ್ದದ್ದು ದೋಣಿಗಳು ಮತ್ತು ಕ್ಯಾರವಾನ್‌ಗಳು. ಕ್ಯಾರವಾನ್ ಎಂದರೆ ಅಡುಗೆಮನೆ, ಬಚ್ಚಲು, ಮಂಚ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುವ ಗಾಡಿ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಆ ಕೆಲಸದ ಬಹಳಷ್ಟು ಸಂಗತಿಗಳು ಮರೆತುಹೋಗಿವೆ. ಆದರೆ ಪೆಟ್ರೋಲ್ ಬಂಕಿನಲ್ಲಿ ಗುಲಾಬಿ ಬಣ್ಣದ ಕೂಲಂಟ್ ಕ್ಯಾನ್ ಕಂಡರೆ ಇವತ್ತಿಗೂ ನನ್ನ ಪಿತ್ತ ನೆತ್ತಿಗೇರುತ್ತದೆ. ಯಾಕೆಂದು ಹೇಳುತ್ತೇನೆ.

ಮೊದಲು ಕ್ಯಾರವಾನಿನ ನೀರಿನ ವ್ಯವಸ್ಥೆಯ ಬಗ್ಗೆ ಎರಡು ಮಾತು. ಗಾಡಿಯ ಅಡಿಯಲ್ಲಿ ಒಳ್ಳೆಯ ನೀರಿನ ಟ್ಯಾಂಕ್ ಇರುತ್ತದೆ. ಅದರ ಪಕ್ಕದಲ್ಲಿ ಸಣ್ಣ ಪಂಪ್. ಅಲ್ಲಿಂದ ನೀರು ಎರಡು ದಾರಿ ಹಿಡಿಯುತ್ತದೆ. ಒಂದು ನೇರವಾಗಿ ತಣ್ಣೀರಿನ ನಲ್ಲಿಗೆ, ಇನ್ನೊಂದು ಇಪ್ಪತ್ತೆರಡು ಲೀಟರ್ ಹಿಡಿಯುವ ಹೀಟರಿನ ಮೂಲಕ ಬಿಸಿನೀರಿನ ನಲ್ಲಿಗೆ. ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಚಳಿಗಾಲದಲ್ಲಿ ಈ ಗಾಡಿಗಳನ್ನು ಬಳಸದೆ ಮೂಲೆಗೆ ನಿಲ್ಲಿಸುತ್ತಾರೆ. ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಪೈಪು ಒಡೆಯುತ್ತದೆ. ಆದ್ದರಿಂದ ನೀರನ್ನೆಲ್ಲ ಬಸಿದು, ಹೀಟರನ್ನು ಬೈಪಾಸ್ ಮಾಡಿ, ಅಂದರೆ ವಾಲ್ವ್ ತಿರುಗಿಸಿ ಅದರೊಳಗೆ ಏನೂ ಹೋಗದಂತೆ ಮಾಡಿ, ಪೈಪುಗಳಿಗೆ ಆ್ಯಂಟಿಫ್ರೀಝ್ ಎಂಬ ಗುಲಾಬಿ ದ್ರವವನ್ನು ತುಂಬುತ್ತಾರೆ. ಇದಕ್ಕೆ ವಿಂಟರೈಸ್ ಮಾಡುವುದು ಎನ್ನುತ್ತಾರೆ. ಅದಕ್ಕೆ ಬಳಸುವ ಆ್ಯಂಟಿಫ್ರೀಝ್ ಬೇರೆಯೇ ಜಾತಿಯದು. ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ್ದು, ವಿಷವಲ್ಲದ್ದು.

ಯು.ಎ.ಇ.ಯಲ್ಲಿ ಎಲ್ಲವೂ ತಲೆಕೆಳಗು. ಇಲ್ಲಿ ಚಳಿಗಾಲವೇ ಕ್ಯಾರವಾನಿನ ಸೀಸನ್, ಬೇಸಿಗೆಯಲ್ಲಿ ಮೂಲೆ. ಹೆಪ್ಪುಗಟ್ಟುವ ಮಾತಂತೂ ಇಲ್ಲವೇ ಇಲ್ಲ. ಇಲ್ಲಿ ಮಾಡಬೇಕಾದ್ದು ಇಷ್ಟೇ: ಏಪ್ರಿಲ್ ಕೊನೆಗೆ ಟ್ಯಾಂಕು, ಪೈಪು, ಹೀಟರು ಎಲ್ಲವನ್ನೂ ಬಸಿದು, ನಲ್ಲಿಗಳನ್ನು ತೆರೆದಿಟ್ಟು ಒಣಗಿಸುವುದು. ಆ ಸೆಖೆಯಲ್ಲಿ ನೀರು ನಿಂತರೆ ಗಬ್ಬು ನಾರುತ್ತದೆ, ರೋಗ ಹುಟ್ಟುತ್ತದೆ. ಅಕ್ಟೋಬರಿನಲ್ಲಿ ಕ್ಲೋರಿನ್ ಹಾಕಿ ತೊಳೆದು, ಮತ್ತೆ ಒಳ್ಳೆಯ ನೀರು ತುಂಬಿದರೆ ಕೆಲಸ ಮುಗಿಯಿತು.

ಅಬುಧಾಬಿ ಕಡೆಯ ಮರಳುಗಾಡಿನಲ್ಲಿ ಪ್ರವಾಸಿಗರಿಗೆ ಕ್ಯಾಂಪ್ ನಡೆಸುವ ಒಂದು ಕಂಪನಿ ಆ ವರ್ಷ ಅಮೆರಿಕದಿಂದ ದೊಡ್ಡ ಕ್ಯಾರವಾನೊಂದನ್ನು ತರಿಸಿತ್ತು. ಅದರ ಆಪರೇಷನ್ಸ್ ಮ್ಯಾನೇಜರ್ ಪ್ರಶಾಂತ್. ಮೈಸೂರಿನವರು, ಎಂ.ಬಿ.ಎ. ಮಾಡಿದವರು, ಮೂವತ್ತೈದರ ಆಸುಪಾಸು. ಮಾತಿನಲ್ಲಿ ಒಳ್ಳೆಯ ಮನುಷ್ಯ. ಆದರೆ ಗಾಡಿಯ ಜೊತೆ ಬಂದ ಮ್ಯಾನುಯಲ್ಲಿನಲ್ಲಿ ಅಚ್ಚಾದದ್ದು ಅವರಿಗೆ ವೇದವಾಕ್ಯ, ಎದುರಿಗೆ ನಿಂತು ಹೇಳಿದ್ದು ಗಾಳಿಮಾತು. ಮೇ ತಿಂಗಳಲ್ಲಿ ಗಾಡಿಯನ್ನು ಬೇಸಿಗೆಗೆ ನಿಲ್ಲಿಸುವ ಮೊದಲು ನನ್ನನ್ನು ಕರೆಸಿದರು.

"ಆಚಾರ್ಯ ಅವ್ರೇ, ಮ್ಯಾನುಯಲ್‌ನಲ್ಲಿ ಸ್ಟೋರೇಜಿಗೆ ಮುಂಚೆ ಆ್ಯಂಟಿಫ್ರೀಝ್ ಹಾಕಿ ಅಂತ ಇದೆ. ಹಾಕಿಬಿಡಿ" ಎಂದರು.

"ಇಲ್ಲಿ ಐಸ್ ಎಲ್ಲುಂಟು ಸಾರ್? ನೀರು ಬಸಿದು ಒಣಗಿಸಿದರೆ ಸಾಕು."

"ಹಾಗಲ್ಲ ರೀ, ವಾರಂಟಿ ಪ್ರಶ್ನೆ. ಹೆಡ್ ಆಫೀಸಿನಿಂದ ಚೆಕ್‌ಲಿಸ್ಟ್ ಬಂದಿದೆ. ಎಲ್ಲಾದಕ್ಕೂ ಟಿಕ್ ಬೀಳಬೇಕು."

ನಾನು ನಿಧಾನಕ್ಕೆ ಬಿಡಿಸಿ ಹೇಳಿದೆ. ಹಾಕಲೇಬೇಕೆಂದಿದ್ದರೆ ಕುಡಿಯುವ ನೀರಿನ ಪೈಪಿಗೆಂದೇ ಮಾಡಿದ ಆ್ಯಂಟಿಫ್ರೀಝ್ ಬೇಕು, ಅದು ಈ ದೇಶದ ಅಂಗಡಿಗಳಲ್ಲಿ ಸಿಗುವುದಿಲ್ಲ, ತರಿಸಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟನ್ನು ಮಾತ್ರ ಸುತರಾಂ ಹಾಕಬಾರದು, ಅದು ವಿಷ. ಅದಕ್ಕೆ ಅವರು ನಕ್ಕು ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ.

"ಟ್ಯಾಪ್ ನೀರು ಇಲ್ಲಿ ಯಾರು ಕುಡೀತಾರೆ ಆಚಾರ್ಯ ಅವ್ರೇ? ಎಲ್ಲರೂ ಕ್ಯಾನ್ ನೀರೇ ಅಲ್ವಾ?"

ಆ ಕೆಲಸ ನಾನು ಮಾಡುವುದಿಲ್ಲವೆಂದು ಹೇಳಿ ಬಂದೆ. ಮುಂದೆ ಅನಾಹುತವಾದ ಮೇಲೆ ನನಗೆ ತಿಳಿದದ್ದು ಇಷ್ಟು. ಪ್ರಶಾಂತ್ ತಮ್ಮ ಡ್ರೈವರನ್ನು ದುಬೈನ ದೇರಾಕ್ಕೆ ಕಳಿಸಿ, ಕಾರಿನ ಸಾಮಾನು ಮಾರುವ ಅಂಗಡಿಯಿಂದ ಕೂಲಂಟ್ ತರಿಸಿದರು. ಮ್ಯಾನುಯಲ್ಲಿನ ಚಿತ್ರದಲ್ಲಿರುವಂತೆ ಅದೂ ಗುಲಾಬಿ ಬಣ್ಣದ್ದೇ. ಅಷ್ಟು ಸಾಕಾಯಿತು ಅವರಿಗೆ. ಕ್ಯಾಂಪಿನ ಹುಡುಗರು ಪಂಪಿನಿಂದ ಎಳೆಸಿ ಪೈಪುಗಳಿಗೆ ತುಂಬಿಸಿದರು. ಬೈಪಾಸ್ ವಾಲ್ವ್ ಒಂದು ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ, ಹೀಗಾಗಿ ಹೀಟರಿನ ಇಪ್ಪತ್ತೆರಡು ಲೀಟರಿಗೂ ಕೂಲಂಟೇ ತುಂಬಿತು. ಎರಡು ಕ್ಯಾನಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ರಾಶಿ ಕ್ಯಾನ್ ಯಾಕೆ ಬೇಕಾಯಿತೆಂದು ಒಬ್ಬನೂ ಕೇಳಲಿಲ್ಲ. ಚೆಕ್‌ಲಿಸ್ಟಿನಲ್ಲಿ ಟಿಕ್ ಬಿತ್ತು.

ಅಕ್ಟೋಬರ್ ಕೊನೆಯಲ್ಲಿ ಸೀಸನ್ ಶುರುವಾಗುವ ಮುನ್ನ ಕ್ಯಾರವಾನಿನ ಫ್ರಿಜ್ ಕೆಟ್ಟಿದೆ, ಬನ್ನಿ ಎಂದು ಫೋನ್ ಬಂತು. ಬೆಳಿಗ್ಗೆ ಪಿಕಪ್ ಹತ್ತಿ ಹೋದೆ. ಕ್ಯಾಂಪಿನಲ್ಲಿ ಅತಿಥಿಗಳು ಇನ್ನೂ ಬಂದಿರಲಿಲ್ಲ. ಅಡುಗೆಯ ಹಮೀದಾಕ ಹಿಂದಿನ ದಿನವೇ ಬಂದು ಕ್ಯಾರವಾನಿನ ಅಡುಗೆಮನೆ ತೊಳೆದಿಟ್ಟಿದ್ದ. ಅವನು ಬಿ.ಸಿ. ರೋಡ್ ಕಡೆಯ ಬ್ಯಾರಿ, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಸೀಸನ್ ಇಲ್ಲದಾಗ ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ ವಾಸ. ನಾವು ಎದುರಾದರೆ ಮಾತೆಲ್ಲ ತುಳುವಿನಲ್ಲೇ. ಐದು ಹೊತ್ತಿನ ನಮಾಜು ತಪ್ಪಿಸದವನು, ಬೀಡಿಯನ್ನೂ ಮುಟ್ಟದವನು.

ನಾನು ಗಾಡಿ ಇಳಿಯುತ್ತಲೇ ಅವನು ಫ್ಲಾಸ್ಕ್ ಹಿಡಿದು ಬಂದ. ನನಗೆ ಶುಗರ್ ಇದೆ, ಸಕ್ಕರೆ ಮುಟ್ಟುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಹಾಲಿಲ್ಲದ, ಸಕ್ಕರೆಯಿಲ್ಲದ ಸುಲೈಮಾನಿ ಚಹಾವನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ. ಬಾಯಿಗಿಟ್ಟರೆ ಸಿಹಿ! ಒಂದು ಗುಟುಕು ನಾಲಿಗೆಗೆ ತಾಗಿದ್ದೇ ಪಕ್ಕಕ್ಕೆ ಉಗಿದೆ.

"ಎಂತ ಹಮೀದಾಕ, ನನ್ನನ್ನು ಕೊಲ್ಲುವ ಅಂದಾಜು ಉಂಟಾ? ಸಕ್ಕರೆ ಸುರಿದಿದ್ದೀಯಲ್ಲ!"

"ಪಡೆದವನಾಣೆ ಹಾಕ್ಲಿಲ್ಲ ಆಚಾರ್ರೆ. ನಂಗೂ ನಿನ್ನೆಯಿಂದ ಸಿಹಿ ಸಿಹಿಯೇ ಆಗ್ತಾ ಉಂಟು. ಬಾಯಿ ಹಾಳಾಗಿದೆ ಕಾಣ್ತದೆ."

ಅವನ ನಾಲಿಗೆ ಸ್ವಲ್ಪ ತೊದಲುತ್ತಿತ್ತು. ನಿದ್ದೆಗೆಟ್ಟಿರಬೇಕೆಂದುಕೊಂಡು ನಾನು ಗಾಡಿಯ ಹಿಂದೆ ಹೋಗಿ ಫ್ರಿಜ್ಜಿನ ಗ್ಯಾಸ್ ಲೈನು ಬಿಚ್ಚತೊಡಗಿದೆ.

ಮಧ್ಯಾಹ್ನದ ಹೊತ್ತಿಗೆ ಮುಂದಿನಿಂದ ಕೂಗಾಟ ಕೇಳಿಸಿತು. ಹೋಗಿ ನೋಡಿದರೆ ಹಮೀದಾಕ ಕ್ಯಾರವಾನಿನ ಮೆಟ್ಟಿಲಿನ ಬಳಿ ಮರಳಿನಲ್ಲಿ ಕುಳಿತಿದ್ದಾನೆ. ಎದುರಿಗೆ ವಾಂತಿ. ಏಳಲು ಹೋಗುತ್ತಾನೆ, ಕಾಲು ನಿಲ್ಲುವುದಿಲ್ಲ, ಮತ್ತೆ ಕುಸಿಯುತ್ತಾನೆ. ಏದುಸಿರು ಬಿಡುತ್ತಿದ್ದಾನೆ. ಸುತ್ತ ಕ್ಯಾಂಪಿನ ಹುಡುಗರು, ನಡುವೆ ಪ್ರಶಾಂತ್ ಕೈಯಲ್ಲಿ ಫೋನ್ ಹಿಡಿದು ನಿಂತಿದ್ದರು.

"ನೋಡ್ರೀ ಇವನನ್ನ! ಹಾಡಹಗಲೇ ಕುಡಿದು ಬಿದ್ದಿದ್ದಾನೆ. ನಾಳೆ ಗೆಸ್ಟ್ ಬರ್ತಾರೆ. ನಾನು ಪೊಲೀಸಿಗೆ ಫೋನ್ ಮಾಡ್ತೀನಿ. ವೀಸಾ ಕ್ಯಾನ್ಸಲ್ ಮಾಡಿಸಿ ಕಳಿಸ್ತೀನಿ, ಖಲಾಸ್."

ಆ ದೇಶದಲ್ಲಿ ಒಬ್ಬ ಬಡ ಮುಸಲ್ಮಾನ ಅಡುಗೆಯವನ ಮೇಲೆ ಕುಡಿತದ ಆರೋಪ ಬಂದರೆ ಏನಾಗುತ್ತದೆಂದು ಪ್ರಶಾಂತರಿಗೆ ಗೊತ್ತಿತ್ತು. ಮೊದಲು ಜೈಲು, ಆಮೇಲೆ ವಿಮಾನ. ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಹಮೀದಾಕ ಇಲ್ಲವೆಂದು ತಲೆಯಾಡಿಸುತ್ತಿದ್ದ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು.

ನಾನು ಅವನ ಬಾಯಿಯ ಹತ್ತಿರ ಬಗ್ಗಿ ಮೂಸಿದೆ. ಹೆಂಡದ ವಾಸನೆ ಇಲ್ಲವೇ ಇಲ್ಲ. ಆಗ ಬೆಳಗಿನ ಚಹಾ ನೆನಪಾಯಿತು. ಸಕ್ಕರೆ ಹಾಕದ ಚಹಾ ಸಿಹಿಯಾಗಲು ಹೇಗೆ ಸಾಧ್ಯ? ಮೇ ತಿಂಗಳ ಮಾತೂ ನೆನಪಾಯಿತು. ಕಾರಿನ ಕೂಲಂಟ್ ಸಿಹಿಯಾಗಿರುತ್ತದೆ ಎಂಬುದು ನಮ್ಮ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಬೆಕ್ಕು ನಾಯಿಗಳು ಅದನ್ನು ನೆಕ್ಕಿ ಸಾಯುವುದು ಅದಕ್ಕೇ.

ಒಳಗೆ ಓಡಿ ಅಡುಗೆಮನೆಯ ಬಿಸಿನೀರಿನ ನಲ್ಲಿ ತಿರುಗಿಸಿದೆ. ನೀರಿಗೆ ತಿಳಿ ಗುಲಾಬಿ ಛಾಯೆ. ಬೆರಳಿಗೆ ಹಚ್ಚಿ ಉಜ್ಜಿದರೆ ಜಿಡ್ಡು. ಹೊರಗೆ ಬಂದು ಹೀಟರಿನ ಅಡಿಯ ಬಿರಡೆ ಬಿಚ್ಚಿದೆ. ಗುಲಾಬಿ ನೀರು ದಬದಬನೆ ಮರಳಿಗೆ ಸುರಿಯಿತು.

"ಏನು ಹಾಕಿದ್ದು ಇದಕ್ಕೆ?" ಎಂದು ಕಿರುಚಿದೆ. ಸಾರ್ ಎಂಬುದೆಲ್ಲ ಎಲ್ಲಿಗೋ ಹಾರಿಹೋಗಿತ್ತು.

"ಆ್ಯಂಟಿಫ್ರೀಝ್ ರೀ. ಮ್ಯಾನುಯಲ್ ಪ್ರಕಾರ. ಮೊನ್ನೆ ಹುಡುಗರು ಟ್ಯಾಪ್ ಬಿಟ್ಟು ಕ್ಲೀನಾಗಿ ಫ್ಲಶ್ ಮಾಡಿದಾರೆ."

ಮಾಡಿದ್ದರು ನಿಜ. ತಣ್ಣೀರಿನ ನಲ್ಲಿಗಳನ್ನು ಮಾತ್ರ. ಹೀಟರ್ ಆಫ್ ಇದೆ, ಬಿಸಿನೀರಿನ ನಲ್ಲಿಯನ್ನು ಯಾರು ಮುಟ್ಟುತ್ತಾರೆ ಎಂಬುದು ಅವರ ಲೆಕ್ಕ. ಆದರೆ ಗಲ್ಫಿನಲ್ಲಿ ಒಂದು ಬೇಸಿಗೆ ಕಳೆದವರಿಗೆಲ್ಲ ಗೊತ್ತಿರುವ ಉಪಾಯವೊಂದಿದೆ. ಸೆಖೆಯ ದಿನಗಳಲ್ಲಿ ಬಿಸಿಲಲ್ಲಿ ನಿಂತ ಟ್ಯಾಂಕಿನಿಂದ ತಣ್ಣೀರಿನ ನಲ್ಲಿಗೆ ಬರುವುದು ಕೈ ಸುಡುವ ನೀರು. ಆಗ ಹೀಟರನ್ನು ಆಫ್ ಮಾಡಿ ಬಿಸಿನೀರಿನ ನಲ್ಲಿಯನ್ನೇ ಬಳಸುತ್ತೇವೆ. ಹೀಟರಿನೊಳಗೆ, ನೆರಳಿನಲ್ಲಿ ನಿಂತ ನೀರು ಅದಕ್ಕಿಂತ ತಣ್ಣಗಿರುತ್ತದೆ. ಅಲ್ ಮುರಕ್ಕಬಾತ್‌ನ ನನ್ನ ಫ್ಲಾಟಿನಲ್ಲಿ ನನ್ನ ಹೆಂಡತಿಯೂ ಜೂನ್ ಬಂತೆಂದರೆ ಹಾಗೇ ಮಾಡುತ್ತಿದ್ದಳು. ಅಕ್ಟೋಬರ್ ಕೊನೆಯಲ್ಲೂ ಮರಳುಗಾಡಿನ ಬಿಸಿಲು ಇಳಿದಿರಲಿಲ್ಲ, ಹಮೀದಾಕನೂ ಅದನ್ನೇ ಮಾಡಿದ. ಮೊದಲು ಕೆಂಪಗೆ ಬಂದದ್ದನ್ನು ಪೈಪಿನ ತುಕ್ಕೆಂದುಕೊಂಡ. ಲೇಬರ್ ಕ್ಯಾಂಪಿನಲ್ಲಿ ರಜೆ ಮುಗಿಸಿ ಬಂದು ನಲ್ಲಿ ಬಿಟ್ಟರೆ ಹಾಗೇ ಬರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟ, ಬಣ್ಣ ತೆಳುವಾಯಿತು, ಹಿಡಿದು ಚೆನ್ನಾಗಿ ಕುದಿಸಿದ. ಕುದಿಸಿದ ಮೇಲೆ ಯಾವ ನೀರಾದರೂ ಶುದ್ಧ ಎಂದು ನಾವೆಲ್ಲ ಚಿಕ್ಕಂದಿನಿಂದ ನಂಬಿದವರು. ಕೂಲಂಟ್ ಕುದಿದರೂ ವಿಷವೇ. ಚಹಾದ ಕೆಂಪಿನಲ್ಲಿ ಉಳಿದ ಬಣ್ಣವೂ ಮುಚ್ಚಿಹೋಯಿತು. ಹಿಂದಿನ ಸಂಜೆಯಿಂದ ಅವನು ಫ್ಲಾಸ್ಕುಗಟ್ಟಲೆ ಅದನ್ನೇ ಕುಡಿಯುತ್ತಿದ್ದ.

ಕ್ಯಾನ್ ನೀರು ಯಾಕೆ ಕುಡಿಯಲಿಲ್ಲ ಎಂದು ಕೇಳುವಿರಿ. ಕ್ಯಾಂಪಿನಲ್ಲಿ ಕ್ಯಾನುಗಳು ಸಾಲಾಗಿ ಇದ್ದವು. ಅವು ಅತಿಥಿಗಳಿಗೆ. ಸ್ಟಾಫಿನವರು ಟ್ಯಾಪ್ ನೀರು ಕುದಿಸಿ ಕುಡಿಯಬೇಕೆಂದು ಅಪ್ಪಣೆ ಮಾಡಿದ್ದವರು ಇದೇ ಪ್ರಶಾಂತ್. ಟ್ಯಾಪ್ ನೀರು ಯಾರು ಕುಡೀತಾರೆ ಎಂದು ನನ್ನನ್ನು ಕೇಳಿದ್ದವರೂ ಇದೇ ಪ್ರಶಾಂತ್. ಎರಡೂ ಮಾತು ಒಂದೇ ಬಾಯಿಯಿಂದ ಬಂದಿದ್ದವು. ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟಿಗೆ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗೆ ಹಾಕಿದ್ದೇ ದೊಡ್ಡದು.

ಸ್ಟೋರಿನಲ್ಲಿ ಕೂಲಂಟಿನ ಕ್ಯಾನೊಂದು ಉಳಿದಿತ್ತು. ಅದರ ಮೇಲೆ ತಲೆಬುರುಡೆಯ ಚಿತ್ರ. ಎತ್ತಿಕೊಂಡು ಪಿಕಪ್ಪಿಗೆ ಎಸೆದೆ.

"ಇವನು ಕುಡಿದದ್ದಲ್ಲ, ಇವನಿಗೆ ವಿಷ ಕುಡಿಸಿದ್ದು. ಎತ್ತಿ, ಆಸ್ಪತ್ರೆಗೆ ಹೋಗ್ಬೇಕು."

"ಒಂದ್ನಿಮಿಷ ಇರಿ, ಮೊದಲು ಎಚ್.ಆರ್.ಗೆ ಒಂದು ಮಾತು..."

"ಎಚ್.ಆರ್. ಬಂದು ಇವನ ಹೆಣ ಹೊರ್ತದಾ? ಯಲ್ಲಾ, ಬೇಗ ಕಾಲು ಹಿಡೀರಿ!"

ಹಿಡಿದರು. ಅದೊಂದು ಮಾತ್ರ ಅವರ ಪರವಾಗಿ ಹೇಳಬಹುದು.

ಅಬುಧಾಬಿಯ ಆಸ್ಪತ್ರೆ ತಲುಪುವ ಹೊತ್ತಿಗೆ ಹಮೀದಾಕನಿಗೆ ಪ್ರಜ್ಞೆ ಬಂದು ಹೋಗುತ್ತಿತ್ತು. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನೂ ಮೂಗಿಗೆ ಕೈಯಿಟ್ಟು ಕುಡಿದವನೆಂದೇ ಸನ್ನೆ ಮಾಡಿದ. ನಾನು ಕೂಲಂಟ್ ಕ್ಯಾನನ್ನು ಕೌಂಟರಿನ ಮೇಲೆ ದಡ್ಡೆಂದು ಇಟ್ಟೆ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರಮ್ಮ ಮಲಯಾಳಿ. ಕ್ಯಾನಿನ ಮೇಲಿನ ಹೆಸರು ಓದಿದ್ದೇ ತಡ, ಮರುಮಾತಿಲ್ಲದೆ ಒಳಗೆ ಕರೆದೊಯ್ದರು.

ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ವಿವರಿಸಿದರು. ಕೂಲಂಟಿನಲ್ಲಿರುವ ಎಥಿಲಿನ್ ಗ್ಲೈಕಾಲ್ ಎಂಬ ರಾಸಾಯನಿಕ ಮೊದಲು ಅಮಲೇರಿದಂತೆ ಮಾಡುತ್ತದೆ. ಆಮೇಲೆ ಲಿವರಿನಲ್ಲಿ ಅದು ಆಮ್ಲವಾಗಿ ಮಾರ್ಪಟ್ಟು ಕಿಡ್ನಿಯನ್ನು ಹಾಳುಗೆಡವುತ್ತದೆ. ಹಾಗೆ ಮಾರ್ಪಡದಂತೆ ತಡೆಯುವ ಇಂಜೆಕ್ಷನ್ ಒಂದಿದೆ, ಆದರೆ ಆಗ ಅಲ್ಲಿ ಅದು ಇರಲಿಲ್ಲ. ಇನ್ನೊಂದು ಹಳೆಯ ಮದ್ದಿದೆ. ಅದು ಆಲ್ಕೋಹಾಲ್. ಅದನ್ನು ಡ್ರಿಪ್ಪಿನಲ್ಲಿ ಕೊಟ್ಟರೆ ಲಿವರ್ ಅದರ ಹಿಂದೆ ಬೀಳುತ್ತದೆ, ವಿಷ ಮಾರ್ಪಡುವುದು ನಿಲ್ಲುತ್ತದೆ, ಅಷ್ಟರಲ್ಲಿ ಡಯಾಲಿಸಿಸ್ ಮಾಡಿ ರಕ್ತ ತೊಳೆಯಬಹುದು.

"ಶುರು ಮಾಡ್ತಿದ್ದೇವೆ. ಅವರು ಎಚ್ಚರವಾದ ಮೇಲೆ ಆಲ್ಕೋಹಾಲ್ ಕೊಟ್ಟದ್ದನ್ನು ನೀವೇ ಹೇಳಿ, ನಿಮ್ಮ ಮಾತು ಕೇಳಬಹುದು" ಎಂದು ಹಿಂದಿಯಲ್ಲಿ ಹೇಳಿ ಒಳಗೆ ಹೋದರು.

ಹಮೀದಾಕ ಬದುಕಿದ. ಕೆಲವು ಸಲ ಡಯಾಲಿಸಿಸ್ ಆಯಿತು, ನಿಧಾನಕ್ಕೆ ಕಿಡ್ನಿ ಚೇತರಿಸಿಕೊಂಡಿತು. ಅವನು ಸರಿಯಾಗಿ ಮಾತಾಡುವಂತಾದ ದಿನ ನಾನು ಹಾಸಿಗೆಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದೆ. ಆಲ್ಕೋಹಾಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ನನ್ನತ್ತ ಹೊರಳಿ ಮಲಗಿದ.

"ಕುಡ್ದಿದ್ದಾನೆ ಅಂತ ಅಷ್ಟು ಜನರ ಎದುರು ಹೇಳಿದ್ರಲ್ಲ ಆಚಾರ್ರೆ. ಕಡೆಗೆ ಕುಡ್ಸಿಯೇ ಬದುಕಿಸಿದ್ದಾ ನನ್ನನ್ನು?"

"ಅದು ಮದ್ದು ಮಾರಾಯ."

"ಮದ್ದು ಅಂತ ಪಡೆದವನಿಗೆ ಗೊತ್ತುಂಟು. ಅವರು ಹೇಳಿದ್ದು ಸುಳ್ಳು ಅಂತ ಅವರ ಬಾಯಲ್ಲಿ ಒಂದು ಸಲ ಬರ್ಲಿ. ಅಷ್ಟೇ ಸಾಕು ನಂಗೆ."

ಅದು ಬರಲಿಲ್ಲ. ಪ್ರಶಾಂತ್ ಹಣ್ಣಿನ ಬುಟ್ಟಿ ಕಳಿಸಿದರು, ತಾವು ಬರಲಿಲ್ಲ. ಕಂಪನಿಯ ವಿಚಾರಣೆಯಲ್ಲಿ ಅವರು ಹೇಳಿದ್ದು, ಮ್ಯಾನುಯಲ್ಲಿನ ಪ್ರಕಾರವೇ ಎಲ್ಲವೂ ನಡೆದಿದೆ, ಸಿಬ್ಬಂದಿ ಟ್ಯಾಪ್ ನೀರು ಕುಡಿದದ್ದು ಅವರ ಅಜಾಗರೂಕತೆ. ಎಲ್ಲರೂ ತಲೆಯಾಡಿಸಿದರು. ಪರಿಹಾರವೆಂದು ಕ್ಯಾರವಾನಿನ ಎಲ್ಲ ನಲ್ಲಿಗಳ ಮೇಲೆ ಕುಡಿಯಲು ಯೋಗ್ಯವಲ್ಲ ಎಂಬ ಸ್ಟಿಕರ್ ಅಂಟಿಸಿದರು, ಇಂಗ್ಲಿಷಿನಲ್ಲಿ ಒಂದು, ಅರಬ್ಬಿಯಲ್ಲಿ ಒಂದು. ಹಮೀದಾಕ ಓದಿದ್ದು ಐದನೇ ಕ್ಲಾಸಿನವರೆಗೆ, ಕನ್ನಡ ಶಾಲೆಯಲ್ಲಿ. ಅರಬ್ಬಿಯಲ್ಲಿ ಕುರ್‌ಆನ್ ಓದಬಲ್ಲ, ಸ್ಟಿಕರಿನ ಅರ್ಥ ಹೇಳಲಾರ. ಕ್ಯಾನ್ ನೀರು ಸ್ಟಾಫಿಗೂ ಕೊಡಿ ಎಂಬ ಮಾತು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ನಾಚಿಕೆಗೆಟ್ಟವರು!

೨೦೧೫ರ ಮೇ ತಿಂಗಳಲ್ಲಿ ಅದೇ ಕಂಪನಿಯಿಂದ ಮತ್ತೆ ಕರೆ ಬಂತು. ಬೇಸಿಗೆಗೆ ಗಾಡಿ ನಿಲ್ಲಿಸಬೇಕು, ಈ ಸಲ ನೀವೇ ಮಾಡಿ ಎಂದರು. ನಾನು ಎರಡು ಷರತ್ತು ಹಾಕಿದೆ. ಆ್ಯಂಟಿಫ್ರೀಝ್ ಎಂಬ ಶಬ್ದ ಆ ಗಾಡಿಯ ಹತ್ತಿರ ಕೇಳಿಸಬಾರದು. ಮತ್ತೆ ನೀರು ತುಂಬಿದ ದಿನ ಗಾಡಿ ಒಪ್ಪಿಸಿಕೊಳ್ಳಲು ಪ್ರಶಾಂತರೇ ಬರಬೇಕು. ಒಪ್ಪಿದರು. ಆ ಬೇಸಿಗೆಗೆ ಎಲ್ಲವನ್ನೂ ಬಸಿದು ಒಣಗಿಸಿದೆ. ಅಕ್ಟೋಬರಿನಲ್ಲಿ ಹೀಟರು ಸೇರಿದಂತೆ ಇಡೀ ವ್ಯವಸ್ಥೆಯನ್ನು ನಾನೇ ನಿಂತು ಮತ್ತೆ ಮತ್ತೆ ತೊಳೆಸಿದೆ, ಪೈಪುಗಳನ್ನೆಲ್ಲ ಬದಲಾಯಿಸಿದೆ, ನೀರನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿದೆ.

ಹಮೀದಾಕ ಊರಿಗೆ ಹೋಗಿ ಸುಧಾರಿಸಿಕೊಂಡು ಅಷ್ಟರಲ್ಲಿ ವಾಪಸು ಬಂದಿದ್ದ. ಬರಬೇಡವೆಂದು ನಾನೇ ಫೋನಿನಲ್ಲಿ ಹೇಳಿದ್ದೆ. ಕಳ್ಳನ ಹಾಗೆ ಊರಲ್ಲಿ ಅಡಗಿ ಕೂರುವುದಿಲ್ಲ, ಅದೇ ಅಡುಗೆಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದು ಬಂದ.

ಒಪ್ಪಿಸುವ ದಿನ ಕ್ಯಾರವಾನಿನ ಒಳಗೆ ಇದ್ದದ್ದು ನಾವು ಮೂವರು. ಕ್ಯಾಂಪಿನ ಗೇಟಿನಲ್ಲಿ ಮೊದಲ ಅತಿಥಿಗಳ ಗಾಡಿಗಳು ನಿಂತಿದ್ದವು. ನಾನು ಬಿಸಿನೀರಿನ ನಲ್ಲಿಯಿಂದ ಒಂದು ಲೋಟ ಹಿಡಿದು ಕುಡಿದೆ. ಇನ್ನೊಂದು ಲೋಟ ಹಿಡಿದು ಪ್ರಶಾಂತರ ಮುಂದೆ ಇಟ್ಟೆ.

"ಅಯ್ಯೋ, ನಾನು ಟ್ಯಾಪ್ ನೀರು ಕುಡಿಯಲ್ಲ ಆಚಾರ್ಯ ಅವ್ರೇ. ನಿಮಗೆ ಗೊತ್ತಲ್ಲ."

"ಗೊತ್ತುಂಟು ಸಾರ್. ಇಷ್ಟೆಲ್ಲ ಆದದ್ದು ಅದರಿಂದಲೇ. ಕುಡೀರಿ, ಕೀ ನನ್ನ ಕಿಸೆಯಲ್ಲುಂಟು."

ಅವರು ಗೇಟಿನತ್ತ ನೋಡಿದರು, ಲೋಟದತ್ತ ನೋಡಿದರು, ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದ ಹಮೀದಾಕನತ್ತ ಮಾತ್ರ ನೋಡಲಿಲ್ಲ. ಕೊನೆಗೆ ಮುಖ ಹಿಂಡಿಕೊಂಡು ಕುಡಿದರು. ಅಂದಿನಿಂದ ನಾನು ನಿವೃತ್ತನಾಗುವವರೆಗೆ ನಮ್ಮ ವರ್ಕ್‌ಶಾಪಿನಲ್ಲಿ ಅದೇ ಪದ್ಧತಿ ನಡೆಯಿತು. ನೀರಿನ ಕೆಲಸ ಮಾಡಿದವನು ಮೊದಲ ಲೋಟ ಕುಡಿಯಬೇಕು, ಮಾಡಿಸಿದವನು ಎರಡನೆಯದು. ಆಮೇಲೆ ಎಷ್ಟು ಬೇಕಾದರೂ ಟಿಕ್ ಹಾಕಿಕೊಳ್ಳಲಿ. ನನ್ನ ಕೆಲಸ ನನಗೆ ಕಲಿಸಿದ್ದು ಇದೊಂದನ್ನೇ: ತಾನು ಕುಡಿಯದ ನೀರಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳುವಂತೆ ನಾವೇ ಮಾಡಬೇಕು.

ಲೋಟ ಕೆಳಗಿಟ್ಟು ಪ್ರಶಾಂತ್ ಕೀಗೆ ಕೈ ಚಾಚಿದರು. ಆಗ ಹಮೀದಾಕ ಮುಂದೆ ಬಂದು, ಅದೇ ನಲ್ಲಿಯ ಕೆಳಗೆ ಕೆಟಲ್ ಹಿಡಿದು, ವರ್ಷದ ಮೇಲೆ ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದ.

"ಕೂತ್ಕೊಳ್ಳಿ ಸಾರ್, ಸುಲೈಮಾನಿ ಮಾಡ್ತೇನೆ. ನಿಮಗೆ ಸಕ್ಕರೆ ಹಾಕ್ಲಾ, ಬೇಡ್ವಾ?"